ತಂಗಿ ಕೊಟ್ಟದ್ದು

ಮೊನ್ನೆ ಸೊಸೆ ಮೊಮ್ಮಗಳ ತುರಿಕೆಗೆಂದು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಸುತ್ತಿದ್ದಳು. ವಾಸನೆ ಪಡಸಾಲೆಗೆ ಬಂದದ್ದೇ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಮೊರಬದಲ್ಲಿ ಬಾಜು ಮನೆಯಲ್ಲಿದ್ದ, ಅತ್ತಿಗೆಯೆಂಬಂತೆ ನಾನು ವೈನಿ ಎಂದು ಕರೆಯುತ್ತಿದ್ದವಳ ಮೈಯಿಂದ ಕೊನೆಯ ತಿಂಗಳುಗಳಲ್ಲಿ ಬರುತ್ತಿದ್ದದ್ದು ಇದೇ ವಾಸನೆ...

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಆ ಊರಿನ ಶಾಲೆಗೆ ಶಿಕ್ಷಕಿಯಾಗಿ ಹೊಸದಾಗಿ ಬಂದಿದ್ದೆ; ಊರಿನವರಿಗೆಲ್ಲ 'ಅಕ್ಕೋರು'. ನನ್ನ ಬಾಡಿಗೆ ಕೋಣೆಗೂ ವೈನಿಯ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಅವಳಿಗಿನ್ನೂ ಮೂವತ್ತು ತುಂಬಿರಲಿಲ್ಲ. ಎರಡೂ ಕಿಡ್ನಿ ಕೆಟ್ಟಾಗ ತಂಬೂರು ಎಂಬ ಹಳ್ಳಿಯಲ್ಲಿದ್ದ ಅವಳ ತಂಗಿ ಮುಂಬಯಿಗೆ ಹೋಗಿ ತನ್ನದೊಂದನ್ನು ಕೊಟ್ಟು ಅಕ್ಕನನ್ನು ಉಳಿಸಿಕೊಂಡಿದ್ದಳು.

"ಬೆನ್ನಾಗ ಇಲ್ರಿ ಅಕ್ಕೋರ, ಇಲ್ಲೆ ಮುಂದ ಇಟ್ಟಾರ," ಎಂದು ವೈನಿ ಒಮ್ಮೆ ನನ್ನ ಕೈ ಹಿಡಿದು ತನ್ನ ಕೆಳಹೊಟ್ಟೆಗೆ ಒತ್ತಿಕೊಂಡಳು. ಸೀರೆಯ ಮೇಲಿಂದಲೂ ಮುಷ್ಟಿಯಷ್ಟು ಗಟ್ಟಿಯಾದದ್ದು ತಾಕಿತು. "ನಮ್ಮ ತಂಗಿ ಅದಾಳ್ರಿ ಒಳಗ," ಎಂದು ನಕ್ಕಳು.

ಆ ಕಿಡ್ನಿಯನ್ನು ಮೈ ಹೊರದಬ್ಬದಿರಲೆಂದು ದಿನಾ ಗುಳಿಗೆ ನುಂಗಬೇಕಿತ್ತು. ಅದರಿಂದ ಅವಳ ಮುಖ ಊದಿತು, ಗಲ್ಲದ ಮೇಲೆ ಕೂದಲು ಬಂತು, ಕೈತುಂಬ ನರಹುಲಿ ಎದ್ದವು. ಕೆರೆಯ ಹತ್ತಿರ ಹೆಂಗಸರು ರೋಗ ಅಂಟೀತೆಂದು ತಮ್ಮ ಕೊಡ ದೂರ ಸರಿಸಿಕೊಂಡರು. ಟ್ರ್ಯಾಕ್ಟರ್ ಓಡಿಸುತ್ತಿದ್ದ ಗಂಡ, ಅವಳು ಬಡಿದ ರೊಟ್ಟಿಯನ್ನು ಅಂಗಳಕ್ಕೆ ಎಸೆಯತೊಡಗಿದ. ಆಮೇಲೆ ಹೊಡೆತ ಶುರುವಾಯಿತು. ಬೆಲ್ಟಿನ ಸಪ್ಪಳ, ಅವಳ ತಲೆ ಗೋಡೆಗೆ ಬಡಿಯುವ ಸಪ್ಪಳ... ನಾನು ರೇಡಿಯೊ ದೊಡ್ಡದು ಮಾಡುತ್ತಿದ್ದೆ. ಪರವೂರಿನವಳು, ಒಬ್ಬಳೇ ಇರುವವಳು, ನನಗೇಕೆ ಎಂದುಕೊಳ್ಳುತ್ತಿದ್ದೆ.

ಒಂದು ರವಿವಾರ ಮಧ್ಯಾಹ್ನ ಅವನು ಗುಳಿಗೆಗಳನ್ನೆಲ್ಲ ಉರಿಯುವ ಒಲೆಗೆ ಸುರಿದ. ಅವಳು ಬೆಂಕಿಗೇ ಕೈ ಹಾಕಿದಳು.

"ಹೊಟ್ಟಿಗೆ ಬ್ಯಾಡ್ರಿ! ಬೆನ್ನಿಗೆ ಹೊಡೀರಿ, ಹೊಟ್ಟಿಗೆ ಬ್ಯಾಡ್ರಿ!"

ಮೂರು ಸಲ ಒದ್ದ. ಮೂರೂ ನನಗೆ ಕೇಳಿಸಿದವು. ಅವನು ಹೊರಟುಹೋದ ಮೇಲೆಯೇ ನಾನು ಒಳಗೆ ಹೋದದ್ದು. ವೈನಿ ಒಲೆಯ ಮುಂದೆ ಮುದುಡಿ ಬಿದ್ದಿದ್ದಳು. ಸುಟ್ಟ ಕೈಗಳಿಂದಲೇ ಹೊಟ್ಟೆಯನ್ನು ಅವುಚಿಕೊಂಡಿದ್ದಳು. ಸಂಜೆಗೆ ಮೂತ್ರದಲ್ಲಿ ಬರೀ ರಕ್ತ. ಹುಬ್ಬಳ್ಳಿಯಲ್ಲಿ ಹೊಟ್ಟೆ ಕೊಯ್ದು ನೋಡಿದರೆ ಕಿಡ್ನಿ ಒಡೆದಿತ್ತು, ತೆಗೆದುಹಾಕಿದರು.

ಮೂರನೆಯ ದಿನ ತಂಗಿ ಬಂದಳು. ಅವನು ಅಂಗಳದಲ್ಲಿ ಟ್ರ್ಯಾಕ್ಟರಿನ ಗಾಲಿ ಬಿಚ್ಚುತ್ತಿದ್ದ. ಅವಳು ಕೆಳಗಿದ್ದ ಕಬ್ಬಿಣದ ಸಲಾಕೆ ಎತ್ತಿ ಅವನ ಮೊಣಕಾಲಿಗೆ ಹಾಕಿದಳು. ಎಲುಬು ಮುರಿದದ್ದು ಓಣಿಗೆಲ್ಲ ಕೇಳಿತು.

"ಆಕೀದಲ್ಲಲೇ ಅದು, ನಂದು! ನೀ ಒದ್ದಿದ್ದು ನನಗ!"

ಮತ್ತೆ ಭುಜಕ್ಕೆ, ಮತ್ತೆ ದವಡೆಗೆ. ಹಲ್ಲು ಮಣ್ಣಿನಲ್ಲಿ ಬಿದ್ದವು. ನಾಲ್ಕು ಗಂಡಸರು ಸೇರಿ ಅವಳನ್ನು ಎಳೆಯಬೇಕಾಯಿತು.

ವಿಚಾರಣೆಗೆ ಬಂದ ಪೊಲೀಸ ನನ್ನನ್ನೂ ಕೇಳಿದ. "ಅಂವಾ ಹೆಂಡ್ತೀನ ಒದ್ದದ್ದು ನಿಮಗ ಕೇಳಿಸ್ತೇನ್ರಿ ಅಕ್ಕೋರ?"

"ರೇಡಿಯೊ ಹಚ್ಚಿದ್ದೆರಿ. ಕೇಳಿಸ್ಲಿಲ್ಲ," ಎಂದೆ.

ಹೆಂಡತಿ ಬಿದ್ದು ಪೆಟ್ಟು ಮಾಡಿಕೊಂಡಳೆಂದು ಗಂಡ ಬರೆಸಿದ. ಜೇಲಿಗೆ ಹೋದದ್ದು ತಂಗಿ.

ವೈನಿ ಹುಬ್ಬಳ್ಳಿಯ ಸೋದರಮಾವನ ಮನೆಯಲ್ಲಿ ಎಂಟು ತಿಂಗಳು ಬದುಕಿದಳು. ವಾರಕ್ಕೆರಡು ಸಲ ಡಯಾಲಿಸಿಸ್. ಆದರೂ ರಕ್ತದೊಳಗಿನ ನಂಜು ಪೂರ್ತಿ ಇಳಿಯುತ್ತಿರಲಿಲ್ಲ. ಚರ್ಮ ಕಪ್ಪಾಗಿ, ಒಣಗಿ, ಹಗಲೂ ರಾತ್ರಿ ತುರಿಕೆ. ರಕ್ತ ಬರುವ ತನಕ ಕೆರೆದುಕೊಳ್ಳುತ್ತಿದ್ದಳು. "ಉಗುರು ಸಾಲಂಗಿಲ್ರಿ ಅಕ್ಕೋರ, ಬಾಚಣಿಕಿ ಕೊಡ್ರಿ," ಎನ್ನುತ್ತಿದ್ದಳು. ನಾನು ರವಿವಾರಗಳಲ್ಲಿ ಹೋಗಿ ಆ ಕರ್ಪೂರದ ಎಣ್ಣೆ ಹಚ್ಚುತ್ತಿದ್ದೆ. ಪೊಲೀಸನಿಗೆ ನಾನು ಏನು ಹೇಳಿದೆನೆಂದು ಅವಳು ಒಮ್ಮೆಯೂ ಕೇಳಲಿಲ್ಲ... ಕೆರೆದ ಗಾಯವೊಂದು ಕೀವಾಗಿ, ನಂಜೇರಿ, ಎರಡೇ ದಿನದಲ್ಲಿ ಹೋದಳು. ತಂಗಿ ಆಗಿನ್ನೂ ಜೇಲಿನಲ್ಲಿದ್ದಳು.

ಕರ್ಪೂರದ ವಾಸನೆ ಬಂದ ಮರುದಿನವೇ ನಾನು ಬಸ್ಸು ಹತ್ತಿ ತಂಬೂರಿಗೆ ಹೋದೆ. ವೈನಿಯ ತಂಗಿ ಈಗ ಮುದುಕಿ. ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಹೆಸರು ಹೇಳಿದ ಕೂಡಲೇ ಗುರುತು ಹಿಡಿದಳು.

"ನನಗ ಎಲ್ಲಾ ಕೇಳಿಸಿತ್ತವಾ," ಎಂದೆ. ಇಷ್ಟು ವರ್ಷಗಳ ನಂತರ ಮೊದಲ ಸಲ.

ಅವಳ ಕೈಯ ಮೊರ ನಿಂತಿತು. "ಗೊತ್ರಿ," ಎಂದಳು. "ಅಕ್ಕಾನೇ ಹೇಳಿದ್ಲು. ಪತ್ರ ಬರಿಸಿ ಕಳಿಸಿದ್ಲು ಜೇಲಿಗೆ. ಅಕ್ಕೋರಿಗೆ ಏನೂ ಅನಬ್ಯಾಡ, ಅಂಜ್ಯಾರ ಅಂತ."