ಚರ್ಚಾಸ್ಪರ್ಧೆಯ ಎರಡನೇ ಹೆಸರು

ಮಣಿಪಾಲದ ಇಂಗ್ಲಿಷ್ ಚರ್ಚಾಸ್ಪರ್ಧೆಗೆ ನಮ್ಮ ಉಡುಪಿಯ ಕಾಲೇಜಿನಿಂದ ಇಬ್ಬರನ್ನು ಕಳಿಸಬೇಕಿತ್ತು. ಮೊದಲ ಹೆಸರಿನ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಎರಡನೆಯದಕ್ಕೆ ನಾನು ಕಾರ್ಕಳದಿಂದ ಬರುವ ಹುಡುಗನ ಹೆಸರು ಬರೆದೆ. ಇಂಗ್ಲಿಷ್ ಮೀಡಿಯಂನವನು, ಮಾತು ನೀರು ಕುಡಿದಷ್ಟು ಸಲೀಸು. ಪಟ್ಟಿಯನ್ನು ಇಮೇಲ್ ಮಾಡಿ, ನೋಟಿಸ್ ಬೋರ್ಡಿಗೂ ಹಾಕಿ ಊಟಕ್ಕೆ ಕೂತಿದ್ದೆ, ಅಷ್ಟರಲ್ಲಿ ಇನ್ನಂಜೆ ಹಳ್ಳಿಯಿಂದ ಬರುವ ಹುಡುಗಿ ಸ್ಟಾಫ್ ರೂಮಿಗೆ ಬಂದಳು.

ಅವಳ ಮನೆಮಾತು ತುಳು, ಹತ್ತನೆಯವರೆಗೆ ಓದಿದ್ದು ಕನ್ನಡದಲ್ಲಿ. ಆ ವರ್ಷ ಶನಿವಾರದ ಚರ್ಚಾ ತರಗತಿಯಲ್ಲಿ ನಾನು ಒಂದೇ ಪಾಠಕ್ಕೆ ಜೋತುಬಿದ್ದಿದ್ದೆ. ಉರು ಹೊಡೆದು ಬರಬೇಡಿ, ಆಡಿದ ಮಾತಿಗೆ ಕಾರಣ ಕೊಡಿ, ಎದುರಿನವರ ಕಾರಣ ಗಟ್ಟಿಯೋ ಪೊಳ್ಳೋ ನೋಡಿ. ಅಂಕ ವಾದಕ್ಕೆ, ಉಚ್ಚಾರಕ್ಕಲ್ಲ ಎಂದು ಬೋರ್ಡಿನ ಮೇಲೇ ಬರೆದಿದ್ದೆ. ಮೊದಮೊದಲು ಎರಡೂ ಕಡೆಯವರು ಸರಿ ಎಂದು ಕೂತುಬಿಡುತ್ತಿದ್ದ ಈ ಹುಡುಗಿ ಆಮೇಲೆ ತಡವರಿಸಿಕೊಂಡೇ ಆಯ್ಕೆಯ ಎರಡು ಸುತ್ತಿನಲ್ಲೂ ಕಾರ್ಕಳದವನನ್ನು ಸುಮ್ಮನಾಗಿಸಿದ್ದಳು.

ತನ್ನ ಹೆಸರು ಯಾಕಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನನಗೆ ಸಿಟ್ಟು ಬಂತು. ಊಟದ ಹೊತ್ತಿನಲ್ಲಿ ಬಂದು ವಿಚಾರಣೆ ಮಾಡುವುದೆಂದರೆ!

"ಕನ್ನಡದಲ್ಲೇ ಹೇಳು ಮಾರಾಯ್ತಿ," ಎಂದೆ.

"ಬೇಡ ಮ್ಯಾಮ್. ಕನ್ನಡದಲ್ಲಿ ಹೇಳಿದ್ರೆ ಜಗಳ ಆಗ್ತದೆ."

ಮತ್ತೆ ಇಂಗ್ಲಿಷಿಗೆ ಹೋದಳು. ನೀವು ವಾದಕ್ಕೆ ಅಂಕ ಎಂದಿರಿ, ಎರಡು ಸುತ್ತಿನಲ್ಲೂ ನನ್ನ ಅಂಕ ಹೆಚ್ಚು, ಆದರೂ ಅವನನ್ನು ಆರಿಸಿದಿರಿ. ಒಂದೋ ನಿಮ್ಮ ನಿಯಮ ತಪ್ಪು, ಇಲ್ಲವೇ ಆಯ್ಕೆ ತಪ್ಪು. ವಾಕ್ಯಗಳು ನಡುವೆ ಮುರಿದು ಬೀಳುತ್ತಿದ್ದವು. ಪಕ್ಕದ ಮೇಜಿನವರು ಉಣ್ಣುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು.

"ಪಟ್ಟಿ ಕಳಿಸಿ ಆಯ್ತು," ಎಂದೆ.

"ದಟ್ ಈಸ್ ನಾಟ್ ರೀಜನ್, ಮ್ಯಾಮ್. ದಟ್ ಈಸ್ ನ್ಯೂಸ್."

ರೀಝನ್, ಅಂದರೆ ಕಾರಣ, ಎಂಬುದು ಅವಳ ಬಾಯಲ್ಲಿ ಯಾವಾಗಲೂ ರೀಜನ್. ನನ್ನ ಕಿವಿ ಮೊದಲು ಹಿಡಿದದ್ದು ಆ ತಪ್ಪನ್ನೇ. ನಾಚಿಕೆಯಾಯಿತು. ಅವಳ ಹೆಸರು ಬಿಟ್ಟದ್ದೂ ಅದಕ್ಕೇ ತಾನೆ? ಮಣಿಪಾಲದ ತೀರ್ಪುಗಾರರ ಮುಂದೆ ಅವಳು ರೀಜನ್ ಎಂದರೆ ಅವರು ನಗುವುದು ನನ್ನನ್ನು ನೋಡಿ ಎಂಬ ಹೆದರಿಕೆ ನನಗಿತ್ತು. ಈ ಕಾರಣವನ್ನು ಬೋರ್ಡಿನ ಮೇಲೆ ಬರೆಯುವ ಧೈರ್ಯ ನನಗಿರಲಿಲ್ಲ.

ಅವಳೆದುರೇ ಸ್ಪರ್ಧೆ ನಡೆಸುವವರಿಗೆ ಫೋನ್ ಮಾಡಿದೆ.

"ನಾಳೆ ಸಂಜೆವರೆಗೆ ಹೆಸರು ಬದಲಾಯಿಸ್ಬಹುದು ಮ್ಯಾಮ್, ಎಂತ ತೊಂದರೆ ಇಲ್ಲ," ಎಂದರು.

ಕಾರ್ಕಳದವನ ಬದಲು ಅವಳ ಹೆಸರು ಬರೆಸಿದೆ, ಎರಡು ನಿಮಿಷದ ಕೆಲಸ. ಫೋನ್ ಇಟ್ಟಾಗ ಹುಡುಗಿಯ ಮುಖದಲ್ಲಿ ನಗು ಇರಲಿಲ್ಲ.

"ಅವನಿಗೆ ಎಂತ ಹೇಳ್ತೀರಿ?" ಎಂದು ಕೇಳಿದಳು.

"ಪಟ್ಟಿಯಲ್ಲಿ ತಪ್ಪಾಗಿತ್ತು ಅಂತ ಹೇಳ್ತೇನೆ."

"ತಪ್ಪಿದ್ದು ಪಟ್ಟಿ ಅಲ್ಲ, ಅಲ್ವಾ ಮ್ಯಾಮ್?"

"ಅಲ್ಲ, ನಾನು," ಎಂದೆ.