ಎಸೆದುಬಿಟ್ಟೆ ಎಂದ ಚಾರ್ಜರ್

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಬೆಸುಗೆಯ ಹೊಗೆ ತಾಗಿ ತಾಗಿ ಕಂದು ಬಣ್ಣಕ್ಕೆ ತಿರುಗಿ, ಎಮ್ಮೆಯ ಕೊಂಬಿನಷ್ಟು ಗಟ್ಟಿಯಾಗಿತ್ತು. ಲ್ಯಾಪ್‌ಟಾಪ್ ಚಾರ್ಜರಿನ ವಾಯರನ್ನು ಕತ್ತರಿಸಿ, ಆ ಉಗುರಿನಿಂದಲೇ ರಬ್ಬರು ಸುಲಿದು ಒಳಗಿನ ತಾಮ್ರ ಬಿಡಿಸುತ್ತಿದ್ದರು. ಅಷ್ಟು ಹೊತ್ತೂ ಎದುರು ನಿಂತ ಗಿರಾಕಿಯನ್ನು ನಾಲಿಗೆಯಿಂದ ಸುಲಿಯುತ್ತಿದ್ದರು.

ಶಿರಸಿಯ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಅವರ ಅಂಗಡಿ. ನಮ್ಮ ಕಾಲೇಜಿನವರೆಲ್ಲ ಅವರನ್ನು ರಿಪೇರಿಯವರು ಅಂತಲೇ ಕರೆಯುತ್ತಿದ್ದೆವು. ಮೇಷ್ಟ್ರುಗಳು, ಮಕ್ಕಳು, ನಾವೇ ಅವರ ಗಿರಾಕಿಗಳು. ಬೇರೆ ಅಂಗಡಿಗೆ ಹೋದರೆ ಚಾರ್ಜರ್ ಕೈಗೆ ತೆಗೆದುಕೊಳ್ಳುವ ಮೊದಲೇ, ಇದು ಹೋಯ್ತು, ಹೊಸದು ತಗೊಳ್ಳಿ ಅನ್ನುತ್ತಾರೆ. ಇವರು ಹೊಸದನ್ನು ಮಾರುತ್ತಲೇ ಇರಲಿಲ್ಲ. "ಜೀವ ಇದ್ದಿದ್ದನ್ನ ಎಸೀಬಾರ್ದು" ಅನ್ನುತ್ತಿದ್ದರು. ಆ ದಯೆ ಚಾರ್ಜರುಗಳಿಗೆ ಮಾತ್ರ.

ನಮ್ಮ ಕಡೆ ಚಾರ್ಜರ್ ಹಾಳಾಗುವುದು ಸಾಮಾನ್ಯವಾಗಿ ಒಂದೇ ಥರ. ಮಳೆಗಾಲಕ್ಕೆ ಮುಂಚೆ ದೂರದಲ್ಲೆಲ್ಲೋ ಒಂದು ಗುಡುಗು ಕೇಳಿದರೆ ಸಾಕು, ಮನೆಮಂದಿಯೆಲ್ಲ ಎದ್ದುಬಿದ್ದು ಓಡಿ ಟಿವಿ, ಫ್ರಿಜ್ಜು, ಲ್ಯಾಪ್‌ಟಾಪು ಎಲ್ಲವನ್ನೂ ಕಿತ್ತುಹಾಕುತ್ತೇವೆ. ಪ್ಲಗ್ ಹಿಡಿದು ತೆಗೆಯುವ ತಾಳ್ಮೆ ಯಾರಿಗಿದೆ, ವಾಯರ್ ಹಿಡಿದು ಜಗ್ಗುವುದೇ. ನಾನೂ ಹಾಗೇ ಜಗ್ಗಿ, ಪಿನ್ನಿನ ಬುಡದಲ್ಲಿ ವಾಯರ್ ಹರಿದುಕೊಂಡು ಅವರ ಮುಂದೆ ನಿಂತೆ.

"ಎಂತ ಮೇಡಂ, ಸಿಡಿಲು ಬಡೀತಾ?"

"ಇಲ್ಲ, ಬರೇ ಗುಡುಗಿತು."

"ಹಂಗಾದ್ರೆ ಕೊಂದಿದ್ದು ನೀವೇ."

ರಿಪೇರಿ ಮಾಡಿದವರು ಚಾರ್ಜರನ್ನು ಕೈಗೆ ಕೊಡಲಿಲ್ಲ. ಗೋಡೆಯ ಸಾಕೆಟ್ಟು ತೋರಿಸಿದರು. "ಹಾಕಿ. ಈಗ ತೆಗೀರಿ. ವಾಯರ್ ಮುಟ್ಟಬಾರ್ದು." ಎಲ್ಲ ಗಿರಾಕಿಗಳಿಗೂ ಅವರದ್ದು ಇದೇ ಕ್ರಮ, ಪ್ಲಗ್ ಹಿಡಿದು ತೆಗೆಯಲು ಕಲಿಯುವವರೆಗೆ ಚಾರ್ಜರ್ ಸಿಗುವುದಿಲ್ಲ. ನನ್ನ ಹಿಂದೆ ನನ್ನದೇ ತರಗತಿಯ ನಾಲ್ಕು ಮಕ್ಕಳು ನಿಂತಿದ್ದರು. ನಾನು ಮೂರು ಸಲ ಹಾಕಿ ಮೂರು ಸಲ ತೆಗೆದೆ. "ಇವ್ರು ನಿಮಗೆ ಎಂತ ಕಲಿಸ್ತ್ರು?" ಎಂದು ಮಕ್ಕಳನ್ನು ಕೇಳಿದರು. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಹೊರಡುವಾಗ ಇನ್ನೊಂದು ಮಾತು ಹೇಳಿದರು: "ಪಿನ್ ಕೂತಿತು ಅಂತ ಸಿಕ್ಕಿದ ಚಾರ್ಜರನ್ನೆಲ್ಲ ಚುಚ್ಚಬೇಡಿ." ಸಿಟ್ಟಿನಲ್ಲಿ ಅದು ಕಿವಿಗೆ ಹೋಗಲಿಲ್ಲ.

ತಿಂಗಳೊಳಗೆ ಅದನ್ನೇ ಮಾಡಿದೆ. ಚಾರ್ಜರನ್ನು ಕಾಲೇಜಿನಲ್ಲೇ ಮರೆತು ಬಂದಿದ್ದೆ. ಮನೆಯಲ್ಲಿ ಪ್ರಿಂಟರಿನ ಅಡಾಪ್ಟರ್ ಇತ್ತು, ಪಿನ್ ಸರಿಯಾಗಿ ಕೂತಿತು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂದು ಲ್ಯಾಪ್‌ಟಾಪ್ ಸತ್ತೇಹೋಯಿತು. ಗಂಡ ಬೈಯುತ್ತಾರೆಂಬ ಹೆದರಿಕೆ, ಮೊದಲಿನ ಅವಮಾನ, ಎರಡೂ ಸೇರಿದವು. ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಬರೆದೆ: "ಮೆಟ್ಟಿಲ ಕೆಳಗಿನ ರಿಪೇರಿಯವರಿಂದ ಚಾರ್ಜರ್ ಸರಿಮಾಡಿಸಿದ್ದೆ, ನನ್ನ ಲ್ಯಾಪ್‌ಟಾಪ್ ಸುಟ್ಟುಹೋಯಿತು. ಎಚ್ಚರ."

ಎತ್ತು ಈದಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಅವರಿಂದ ಬೈಸಿಕೊಂಡವರು ಎಷ್ಟು ಮಂದಿ ಇದ್ದರೋ, ಒಬ್ಬೊಬ್ಬರೂ ತಮ್ಮದೂ ಸುಟ್ಟಿತ್ತು ಎಂದು ಸೇರಿಸಿದರು. ಸಿದ್ದಾಪುರದಿಂದ ಬರುವ ಮೇಷ್ಟ್ರು ಸುದ್ದಿಯನ್ನು ಸಿದ್ದಾಪುರಕ್ಕೂ ಒಯ್ದರು. ಹದಿನೈದು ದಿನದಲ್ಲಿ ಮೆಟ್ಟಿಲ ಕೆಳಗೆ ಜನವೇ ಇಲ್ಲ.

ಒಂದು ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಯಲ್ಲಿ ಕರೆಂಟು ಅಳೆಯುವ ಮೀಟರ್ ಹಿಡಿದು, ನಮ್ಮ ಸ್ಟಾಫ್‌ರೂಮಿಗೆ ಬಂದರು.

"ಆ ಚಾರ್ಜರ್ ಕೊಡಿ ಮೇಡಂ. ಎಲ್ಲರ ಎದುರಿಗೇ ಅಳೆದು ತೋರಿಸ್ತೆ. ತಪ್ಪು ನಂದಾದ್ರೆ ಅಂಗಡಿ ಮುಚ್ತೆ."

ಚಾರ್ಜರ್ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಕೊಟ್ಟಿದ್ದರೆ ಎರಡು ನಿಮಿಷದ ಕೆಲಸ.

"ಅದನ್ನು ಎಸೆದುಬಿಟ್ಟೆ" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಆತು" ಎಂದು ಮೀಟರಿನ ವಾಯರುಗಳನ್ನು ಸುತ್ತಿಕೊಂಡು ಹೋದರು. ಈಗ ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ಆ ಮಧ್ಯಾಹ್ನ ಹೊಟ್ಟೆತುಂಬ ಊಟ ಮಾಡಿದೆ.

ಅಂಗಡಿ ಮುಚ್ಚಿತು. ಯಲ್ಲಾಪುರದ ಲಾರಿ ಗ್ಯಾರೇಜೊಂದರಲ್ಲಿ ವಾಯರಿಂಗ್ ಕೆಲಸಕ್ಕೆ ಸೇರಿದರಂತೆ, ಭೈರುಂಬೆಯ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರಂತೆ. ಎರಡು ವರ್ಷಕ್ಕೆ, ಲಾರಿಯ ಅಡಿಯಲ್ಲಿ ಮಲಗಿ ಕೆಲಸ ಮಾಡುತ್ತಿದ್ದಾಗಲೇ ಎದೆನೋವು ಬಂದು ತೀರಿಕೊಂಡರು. ಸುದ್ದಿ ತಿಳಿದ ಮೇಲೆ ನನಗೆ ಅನ್ನ ಸೇರಲಿಲ್ಲ. ಆ ಚಾರ್ಜರನ್ನು ಕಾಲೇಜಿನ ಲ್ಯಾಬಿನವರ ಕೈಯಲ್ಲಿ ಅಳೆಸಿದೆ. ಏನೂ ತೊಂದರೆ ಇರಲಿಲ್ಲ, ಹೊಸದರಷ್ಟೇ ಸರಿಯಾಗಿತ್ತು.

ಸತ್ತವರ ಹೆಂಡತಿಗಾದರೂ ನಿಜ ಹೇಳಿ ಹಗುರಾಗೋಣ ಎಂದು ಭೈರುಂಬೆಗೆ ಹೋದೆ. ಅವರು ಬೆಲ್ಲ ನೀರು ಕೊಟ್ಟು ಉಪಚರಿಸಿದರು, ಮೇಡಂ ಮೇಡಂ ಎಂದು ಪೇಟೆಯ ಕನ್ನಡದಲ್ಲೇ ಮಾತಾಡಿಸಿದರು. ಪ್ರಿಂಟರಿನ ಅಡಾಪ್ಟರ್, ಖಾನೆಯಲ್ಲಿದ್ದ ಚಾರ್ಜರ್, ನಾನು ಹೇಳಿದ ಸುಳ್ಳು, ಎಲ್ಲ ಹೇಳಿದೆ. ಬೈಯಲಿ, ಬಾಗಿಲು ತೋರಿಸಲಿ ಎಂದು ಕಾಯುತ್ತಿದ್ದೆ. ಅವರು ನನ್ನ ಮುಂದಿದ್ದ ಲೋಟ ಎತ್ತಿಟ್ಟರು. ಆಮೇಲೆ, ನಾನು ಅನ್ನುವುದಕ್ಕೆ ಆನು ಅನ್ನುವ ತಮ್ಮ ಮನೆಮಾತಿನಲ್ಲಿ, ನನ್ನ ಕಡೆ ನೋಡದೆ ಕೇಳಿದರು.

"ಇದನ್ನ ಈಗ ಬಂದು ಎನ್ನ ಹತ್ರ ಎಂತಕ್ಕೆ ಹೇಳಿದ್ರಿ? 'ಆನು ಮಾಡಿದ್ದಲ್ಲ' ಹೇಳಿ ದಿನಾ ಹೇಳ್ತಿದ್ರು. ಆನು ಒಂದಿನವೂ ನಂಬಿದ್ನಿಲ್ಲೆ. ಅವ್ರು ಸಾಯೋ ದಿನ ಬೆಳಿಗ್ಗೆಯೂ ಆನು 'ತಪ್ಪು ನಿಮ್ದೇ' ಹೇಳಿ ಬೈದು ಕಳ್ಸಿದ್ದಿ."