ಬೆರಳ ಗೆರೆ ಕಾಯುವ ಎರ್ಮೆಲಿಂಡಾ

ಬೆಳಗಿನ ನಾಲ್ಕೂಮುಕ್ಕಾಲು. ಅಮೆರಿಕದ ನ್ಯೂ ಬೆಡ್‌ಫರ್ಡ್ ಬಂದರಿನ ಒಂದು ಮೀನು ಕಾರ್ಖಾನೆ. ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಎರ್ಮೆಲಿಂಡಾ ಬಾರ್ರೋಸ್ ಕೂತಿದ್ದಾರೆ. ಎದುರಿಗೆ ಝುಲ್ಮೀರಾ, ಅವರ ಮೇಜಿನಲ್ಲೇ ಮೀನು ಕೊಯ್ಯುವ ಇಪ್ಪತ್ತೆಂಟರ ಹೆಣ್ಣುಮಗಳು, ಎರಡೂ ಕೈ ಚಾಚಿದ್ದಾಳೆ. ಎರ್ಮೆಲಿಂಡಾ ಆ ಬೆರಳುಗಳನ್ನು ಒಂದೊಂದಾಗಿ ಹಿಡಿದು ಬೆಚ್ಚಗಿನ ಆಲಿವ್ ಎಣ್ಣೆ ಸವರುತ್ತಾರೆ. ಹಸುಗೂಸಿಗೆ ಎಣ್ಣೆ ಹಚ್ಚುವಷ್ಟು ನಿಧಾನ. ಆಮೇಲೆ ಹತ್ತಿಯ ಕೈಗವಸು ತೊಡಿಸಿ, ಮಣಿಕಟ್ಟಿನ ಹತ್ತಿರ ದಾರ ಕಟ್ಟುತ್ತಾರೆ.

"ಇವತ್ತಿಗೆ ಹನ್ನೊಂದು ದಿನ ಆಯ್ತು. ಇನ್ನೂ ಮೂರು ದಿನ ಚಾಕು ಮುಟ್ಟಬೇಡ, ಡಬ್ಬಿ ಕಟ್ಟೋ ಕಡೆನೇ ನಿಂತ್ಕೋ. ಬೆರಳಚ್ಚಿಗೆ ಹೋಗೋ ದಿನ ಎಣ್ಣೆ ಬೇಡ, ಬರೀ ನೀರಲ್ಲಿ ತೊಳ್ಕೋ. ನಿಂಬೆಹಣ್ಣಿನ ಹತ್ರ ಮಾತ್ರ ಹೋಗಬೇಡ."

"ಗೊತ್ತು ನ್ಯಾ ಎರ್ಮೆಲಿಂಡಾ. ದಿನಾ ಇದೇ ಪಾಠ. ಅಂಗಡೀಲಿ ನಿಂಬೆಹಣ್ಣು ಕಂಡ್ರೆ ಈಗ ನಾನು ಆಚೆ ರಸ್ತೆಗೆ ಹೋಗ್ತೀನಿ," ಎನ್ನುತ್ತಾಳೆ ಝುಲ್ಮೀರಾ. ಹಿರಿಯ ಹೆಂಗಸನ್ನು 'ನ್ಯಾ' ಎಂದು ಕರೆಯುವುದು ಇಬ್ಬರೂ ಹುಟ್ಟಿದ, ಸಮುದ್ರದಾಚೆಯ ಬ್ರಾವ ದ್ವೀಪದ ಮರ್ಯಾದೆ. ಇಲ್ಲಿಗೆ ಬಂದರೂ ಅದು ಬಿಟ್ಟಿಲ್ಲ.

ಈ ದೇಶದ ಪೌರರಾಗಬೇಕೆನ್ನುವವರು ಹತ್ತು ಬೆರಳನ್ನೂ ಒಂದು ಗಾಜಿನ ಮೇಲೆ ಒತ್ತಬೇಕು. ಮೀನು ಕೊಯ್ಯುವವರು ಒತ್ತಿದರೆ ಗಾಜಿನಲ್ಲಿ ಏನೂ ಮೂಡುವುದಿಲ್ಲ. ಗೆರೆ ಸವೆದುಹೋಗಿರುತ್ತದೆ. ಎರ್ಮೆಲಿಂಡಾ ಹೀಗೆ ಎಣ್ಣೆ ಹಚ್ಚಿ, ಗವಸು ತೊಡಿಸಿ, ಕೈಗೆ ಬಿಡುವು ಕೊಡಿಸಿ ನಲವತ್ತೊಂದು ಜನರ ಗೆರೆಗಳನ್ನು ವಾಪಸು ತಂದಿದ್ದಾರೆ. ತಮ್ಮ ಗೆರೆ ಮಾತ್ರ ಬರಲೇ ಇಲ್ಲ.

ಐದಕ್ಕೆ ಗಂಟೆ ಹೊಡೆಯುತ್ತದೆ. ಮಂಜುಗಡ್ಡೆಯ ಮೇಲೆ ಹ್ಯಾಡಕ್ ಮೀನು ಬಂದು ಬೀಳುತ್ತದೆ. ಎರ್ಮೆಲಿಂಡಾ ನಿಮಿಷಕ್ಕೆ ಮೂರು ಮೀನು ಕೊಯ್ಯುತ್ತಾರೆ, ಮಧ್ಯಾಹ್ನ ಎರಡರವರೆಗೆ. ವಯಸ್ಸು ಐವತ್ತೆಂಟು, ಈ ಮೇಜಿನಲ್ಲಿ ಮೂವತ್ತೊಂದು ವರ್ಷ. ಅವರ ರಬ್ಬರ್ ಗವಸಿನ ತುದಿಗಳನ್ನು ಕತ್ತರಿಸಿದೆ. ಕೊಯ್ದ ತುಂಡಿನ ಮೇಲೆ ಬರಿಬೆರಳು ಆಡಿಸಿದರಷ್ಟೇ ಒಳಗಿನ ಸಣ್ಣ ಮುಳ್ಳು ಸಿಗುವುದು. "ರಬ್ಬರ್‌ಗೆ ಮುಳ್ಳು ಗೊತ್ತಾಗಲ್ಲ. ಯಾರದೋ ಮನೇಲಿ ಮಗು ತಿನ್ನುತ್ತೆ ಇದನ್ನ. ಗಂಟಲಿಗೆ ಸಿಕ್ಕಿದ್ರೆ?" ಎನ್ನುತ್ತಾರೆ. ಚಿಪ್ಪು, ಉಪ್ಪು, ಬ್ಲೀಚಿಂಗ್ ನೀರು ಎಲ್ಲವೂ ಆ ಬರಿ ತುದಿಗಳ ಮೇಲೆಯೇ ಹಾಯುತ್ತವೆ.

ಈ ಊರು ಅವರ ಮನೆತನಕ್ಕೆ ಹೊಸದಲ್ಲ. ಮುತ್ತಜ್ಜ ತಿಮಿಂಗಿಲದ ಬೇಟೆಗೆ ಹೊರಟ ಹಡಗು ಹತ್ತಿ ಇಲ್ಲಿಗೆ ಬಂದವನು. ಓದುಬರಹ ಇಲ್ಲದ ಆತ ಹಡಗಿನ ಪುಸ್ತಕದಲ್ಲಿ ಹೆಸರಿನ ಮುಂದೆ ಒಂದು ಕತ್ತರಿ ಗುರುತು ಹಾಕಿದ. ಅಷ್ಟೇ ಸಾಕಾಯಿತು. "ನಮ್ಮಜ್ಜಿ ಅದನ್ನ ಹೇಳ್ಕೊಂಡು ನಗ್ತಿದ್ಳು. ಎರಡು ಗೀಟು ಎಳೆದ, ಅಮೆರಿಕ ಒಳಗೆ ಬಿಡ್ತು ಅಂತ. ನಾನು ಹತ್ತು ಬೆರಳು ಕೊಟ್ರೂ ಸಾಲ್ದೆ ಹೋಯ್ತು," ಎನ್ನುತ್ತಾರೆ ಎರ್ಮೆಲಿಂಡಾ.

ಅವರು ಅರ್ಜಿ ಹಾಕಿದ್ದೇ ತಡವಾಗಿ. "ಗಂಡ ಪ್ರತಿ ವರ್ಷ ಮುಂದಿನ ವರ್ಷ ಊರಿಗೆ ಹೋಗೋಣ ಅಂತಿದ್ದ. ಅವನನ್ನ ಇಲ್ಲೇ ಮಣ್ಣು ಮಾಡಿದ್ಮೇಲೆ ನಾನಿನ್ನು ಎಲ್ಲಿಗೆ ಹೋಗ್ಲಿ? ಅವನಿರೋ ನೆಲದೋಳೇ ಆಗಿಬಿಡೋಣ ಅನ್ನಿಸ್ತು."

ಏಳು ವರ್ಷದ ಹಿಂದೆ ಮೊದಲ ಸಲ ಬೆರಳಚ್ಚಿಗೆ ಕರೆ ಬಂತು. ಕಚೇರಿಯವರ ಮುಂದೆ ಮೀನಿನ ವಾಸನೆ ಹೊತ್ತು ಹೋಗುವುದು ಹೇಗೆ? ಹಿಂದಿನ ಸಂಜೆ ಎರ್ಮೆಲಿಂಡಾ ಆರು ನಿಂಬೆಹಣ್ಣು ಹೆಚ್ಚಿ, ಉಪ್ಪಿನಲ್ಲಿ ಅದ್ದಿ, ಬೆರಳು ಕೆಂಪಾಗುವ ತನಕ ಉಜ್ಜಿಕೊಂಡರು. ಇದ್ದಬದ್ದ ಗೆರೆಯೂ ಹೋಯಿತು. ಗಾಜು ಖಾಲಿಯಾಗಿಯೇ ಉಳಿಯಿತು. ಯಂತ್ರದ ಮುಂದೆ ಕೂತವಳು ಒರಟೇನಲ್ಲ, ನಾಲ್ಕು ಸಲ ಒತ್ತಿಸಿದಳು, ಕೊನೆಗೆ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದಳು. "ಮೀನು ಕೊಯ್ತೀನಿ ಅನ್ನೋಕೆ ನಾಲಿಗೆ ಏಳಲಿಲ್ಲ. ಕೈನ ಕೋಟೊಳಗೆ ಮುಚ್ಚಿಟ್ಕೊಂಡೆ." ಎರಡನೆಯ ಸಲವೂ ಹಾಗೆಯೇ ಆಯಿತು. ಅವರು ಕಾಗದಗಳನ್ನು ಡ್ರಾಯರಿನ ತಳಕ್ಕೆ ಸೇರಿಸಿ ಸುಮ್ಮನಾದರು.

ದುಡಿಯುವವರಿಗೆಲ್ಲ ಇಲ್ಲಿ ಜಾಗವಿದೆ ಎಂದು ಈ ದೇಶ ಇನ್ನೂರು ವರ್ಷದಿಂದ ಹೇಳಿಕೊಂಡು ಬಂದಿದೆ. ದುಡಿದೇ ಬೆರಳು ಸವೆದವಳನ್ನು ಅದರ ಯಂತ್ರ ಗುರುತು ಹಿಡಿಯಲಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ, ನಿಜ. ಆದರೂ ಅನ್ಯಾಯ ಅನ್ಯಾಯವೇ.

ಕೆಲವು ತಿಂಗಳ ಮೇಲೆ ಕಾರ್ಖಾನೆಯ ನಲ್ಲಿಯ ಹತ್ತಿರ ಒಬ್ಬಳು ನಿಂಬೆಹಣ್ಣು ಹೆಚ್ಚುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಮರುದಿನ ಅವಳ ಬೆರಳಚ್ಚು. ಎರ್ಮೆಲಿಂಡಾ ಹಣ್ಣು ಕಿತ್ತುಕೊಂಡು ಬುಟ್ಟಿಗೆ ಎಸೆದರು. "ವಾಸನೆ ಬಂದ್ರೆ ಬರಲಿ ಕಣೇ, ಅವರು ಮೂಗು ಮುಚ್ಕೊಳ್ಲಿ ಅಂದೆ." ಅವಳ ಗೆರೆ ಮೂಡಿತು. ಅಲ್ಲಿಂದ ಈ ಬೆಂಚು ಶುರುವಾಯಿತು. ಕೊಯ್ಯುವಾಗ ಪೌರತ್ವದ ಸಂದರ್ಶನಕ್ಕೆ ಪಾಠವೂ ನಡೆಯುತ್ತದೆ. ಸಂವಿಧಾನ ಯಾವ ಮಾತಿನಿಂದ ಶುರುವಾಗುತ್ತದೆ ಎಂದು ಅವರು ಕೂಗುತ್ತಾರೆ. "ಈ ದೇಶದ ಜನರಾದ ನಾವು," ಎಂದು ಇಡೀ ಮೇಜು ಚಾಕು ನಿಲ್ಲಿಸದೆ ಉತ್ತರಿಸುತ್ತದೆ.

ಆ ನಲವತ್ತೊಂದು ಜನ ಪೌರರಾಗುವಾಗ ಮಾಡಿದ ಪ್ರಮಾಣ ವಚನಕ್ಕೂ ಎರ್ಮೆಲಿಂಡಾ ಹೋಗಿದ್ದಾರೆ. ಕೂರುವುದು ಹಿಂದಿನ ಸಾಲಿನಲ್ಲಿ, ನೆಂಟರ ಜೊತೆ. ಎಲ್ಲರೂ ಬಲಗೈ ಎತ್ತಿದಾಗ ಅವರು ಮುಖ ನೋಡುವುದಿಲ್ಲ, ತಾವು ಎಣ್ಣೆ ಹಚ್ಚಿದ ಆ ಕೈ ಹುಡುಕುತ್ತಾರೆ. ತಮ್ಮ ಕೈ ಮಡಿಲಲ್ಲೇ ಇರುತ್ತದೆ.

ಇದನ್ನು ಸಹಿಸದವಳು ಝುಲ್ಮೀರಾ. ಕಳೆದ ವರ್ಷ ಒಂದು ದಿನ ಊಟದ ಬಿಡುವಿನಲ್ಲಿ, ಕಚೂಪ ಎಂಬ ತಮ್ಮೂರ ಜೋಳದ ಗಂಜಿಯ ಡಬ್ಬಿ ಪಕ್ಕಕ್ಕಿಟ್ಟು, ಜಗಳಕ್ಕೇ ನಿಂತಳು. "ಊರೋರನ್ನೆಲ್ಲ ದಡ ಹತ್ತಿಸಿ ನೀವೊಬ್ರೇ ನೀರಲ್ಲಿ ನಿಂತಿದ್ದೀರಿ. ನೋಡೋಕಾಗಲ್ಲ ನನಗೆ. ಅರ್ಜಿ ನಾನು ತುಂಬ್ತೀನಿ, ಸಹಿ ನೀವು ಹಾಕಿ."

"ಗಾಜಿಗೆ ನನ್ನ ಬೆರಳು ಕಾಣಲ್ವಲ್ಲೇ."

"ಗಾಜಿಗೆ ಕಾಣ್ದಿದ್ರೆ ಮನುಷ್ಯರನ್ನ ಕೇಳೋಣ."

ಹಾಗೆಯೇ ಮಾಡಿದರು. ಮತ್ತೆ ಎರಡು ಸಲ ಗಾಜು ಖಾಲಿ ಉಳಿಯಿತು. ಈ ಸಲ ಎರ್ಮೆಲಿಂಡಾ ಎದ್ದುಬರಲಿಲ್ಲ. ಏನು ಕೆಲಸ ಎಂದು ಕೇಳುವ ಮೊದಲೇ, "ಮೀನು ಕೊಯ್ತೀನಿ, ಮೂವತ್ತೊಂದು ವರ್ಷದಿಂದ," ಎಂದರು. ಹಾಗಾದರೆ ಬೆರಳಿನ ಬದಲು ನಿಮ್ಮ ಮೇಲೆ ಯಾವ ಕೇಸೂ ಇಲ್ಲವೆಂದು ನೀವಿರುವ ಊರಿನ ಪೊಲೀಸರಿಂದ ಪತ್ರ ತನ್ನಿ ಎಂದರು ಅಧಿಕಾರಿ. ಆ ದಾರಿ ಮೊದಲೂ ಇತ್ತು. ಕೇಳುವ ಧೈರ್ಯ ಇರಲಿಲ್ಲ, ಅಷ್ಟೇ. ಏಳು ವರ್ಷ ಹೀಗೆ ಹೋದದ್ದನ್ನು ನೆನೆದರೆ ಅವರಿಗೆ ಈಗಲೂ ಕಣ್ಣು ತುಂಬುತ್ತದೆ.

ಪತ್ರ ಸಿಕ್ಕಿತು, ಸಂದರ್ಶನವೂ ಮುಗಿಯಿತು. ಹೋದ ಶನಿವಾರ ಕಚೇರಿಯಿಂದ ಕಾಗದ ಬಂದಿದೆ. ಪ್ರಮಾಣ ವಚನ ಬರುವ ತಿಂಗಳು ಒಂಬತ್ತನೇ ತಾರೀಕು, ಬೆಳಿಗ್ಗೆ ಹತ್ತಕ್ಕೆ. ಕಾರ್ಖಾನೆಯವರು ಇಡೀ ದಿನ ರಜೆ ಕೊಡುತ್ತೇವೆ ಎಂದರೂ ಎರ್ಮೆಲಿಂಡಾ ಒಪ್ಪಿಲ್ಲ. ಎಂಟರವರೆಗೆ ಕೊಯ್ದು, ಅಲ್ಲಿಂದಲೇ ಹೋಗುತ್ತಾರಂತೆ.

ಗವಸಿನ ಕೈಯಲ್ಲಿ ಡಬ್ಬಿ ಕಟ್ಟುತ್ತಿರುವ ಝುಲ್ಮೀರಾಗೆ ಇದು ಸರಿಬಂದಿಲ್ಲ. "ಅವತ್ತು ಬೆರಳಚ್ಚು ಇಲ್ವಲ್ಲ ನ್ಯಾ ಎರ್ಮೆಲಿಂಡಾ. ಅವತ್ತೊಂದು ದಿನ ನಿಂಬೆಹಣ್ಣು ಹಚ್ಕೊಳ್ಳಿ. ಮುಂದಿನ ಸಾಲಲ್ಲಿ ಕೂರೋರು ನೀವು."

ಎರ್ಮೆಲಿಂಡಾ ತುಂಡಿನ ಮೇಲೆ ಬೆರಳಾಡಿಸಿ, ಒಂದು ಮುಳ್ಳು ಕಿತ್ತು, ಪಕ್ಕಕ್ಕೆ ಇಡುತ್ತಾರೆ.

"ಬೇಡ. ನಲವತ್ತೊಂದು ಸಲ ಮಡಿಲಲ್ಲಿ ಇಟ್ಕೊಂಡ ಕೈ ಇದು. ಎತ್ತಿದಾಗ ವಾಸನೆ ಬರಲಿ. ಇದೇ ಕೈ ಎತ್ತಿದ್ದು ಅಂತ ಪಕ್ಕದೋರಿಗಾದ್ರೂ ಗೊತ್ತಾಗ್ಲಿ."